ಮೂರುಪಟ್ಟು ಫಂಡ್ ಕೊಳ್ಳುವ ಮುಂಚೆ ಒಂದು ಹಾಳೆ, ಒಂದು ಪೆನ್ನು

ಅಮೆರಿಕದಲ್ಲಿ ಬ್ರೋಕರೇಜ್ ಖಾತೆ ಇದ್ದರೆ ಸಾಕು. ಫೋನಿನಲ್ಲಿ ಟಿಕ್ಯೂಕ್ಯೂಕ್ಯೂ ಅಂತ ಹುಡುಕಿ, ಎಷ್ಟು ಬೇಕೆಂದು ಹೇಳಿ ಗುಂಡಿ ಒತ್ತಿದರೆ ಮೂರುಪಟ್ಟು ಫಂಡ್ ನಿಮ್ಮದಾಗುತ್ತದೆ. ನ್ಯಾಸ್ಡ್ಯಾಕ್ ಪೇಟೆಯ ನೂರು ದೊಡ್ಡ ಕಂಪನಿಗಳ ಷೇರು ಅಳೆಯುವ ನ್ಯಾಸ್ಡ್ಯಾಕ್-100 ಸೂಚ್ಯಂಕ ಒಂದು ದಿನದಲ್ಲಿ ಶೇ 1 ಏರಿದರೆ ಇದು ಶೇ 3 ಏರುವಂತೆ, ಅದು ಶೇ 1 ಇಳಿದರೆ ಇದು ಶೇ 3 ಇಳಿಯುವಂತೆ ಕಟ್ಟಿದ್ದಾರೆ. ಇದರ ಜೋಡಿ ಎಸ್‌ಕ್ಯೂಕ್ಯೂಕ್ಯೂ ಉಲ್ಟಾ ನಡೆಯುತ್ತದೆ, ಪೇಟೆ ಬಿದ್ದ ದಿನ ಮೂರುಪಟ್ಟು ಏರುತ್ತದೆ. ಎರಡೂ 2010ರ ಫೆಬ್ರುವರಿಯಲ್ಲಿ ಬಂದವು. ಮೊದಲ ಜಾತಿಯವನ್ನು ಲೆವರೇಜ್ಡ್ ಫಂಡ್ ಎನ್ನುತ್ತಾರೆ, ಎರಡನೆಯದನ್ನು ಇನ್ವರ್ಸ್ ಫಂಡ್. ನೀವು ಸಾಲ ತೆಗೆಯಬೇಕಿಲ್ಲ, ಷೇರು ಕಡ ತಂದು ಮಾರಬೇಕಿಲ್ಲ, ಆಪ್ಷನ್ (ಮುಂದಿನ ಬೆಲೆಯ ಮೇಲೆ ಮಾಡುವ ಕರಾರು) ವ್ಯವಹಾರಕ್ಕೆ ಬೇಕಾಗುವ ಒಪ್ಪಿಗೆಯೂ ಬೇಡ. ಸ್ವಂತ ದುಡ್ಡಲ್ಲಿ ಕೊಂಡಿದ್ದರೆ ಹಾಕಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುವುದೂ ಇಲ್ಲ.

ನಾನು ನ್ಯೂಜೆರ್ಸಿಯಲ್ಲಿ ಒಂದು ಬ್ರೋಕರೇಜ್ ಕಂಪನಿಯ ಫೋನ್ ಡೆಸ್ಕಿನಲ್ಲಿ ಬಹಳ ವರ್ಷ ಕೂತವಳು. ಈಗ ಕೆಲಸ ಬಿಟ್ಟಿದ್ದೇನೆ, ಫೋನ್ ಮಾತ್ರ ನಿಂತಿಲ್ಲ. ಎಡಿಸನ್ನಿನ ಕನ್ನಡದವರು, ಸ್ಯಾನ್‌ಹೋಸೆಯ ಐಟಿ ಹುಡುಗರು, ಬೆಂಗಳೂರಿನಲ್ಲಿರುವ ಅಕ್ಕನ ಮಗ, ಎಲ್ಲರದ್ದೂ ಒಂದೇ ಪ್ರಶ್ನೆ: "ಇದನ್ನ ತಗೋಬಹುದಾ?" ಹೌದು, ಬೇಡ ಎಂದು ಒಂದೇ ಮಾತಲ್ಲಿ ಉತ್ತರ ಕೊಡುವ ವಿಷಯ ಇದಲ್ಲ. ಕೊಳ್ಳುವ ಮುಂಚೆ ಏನೇನು ಮಾಡಬೇಕು ಅಂತ ಹೇಳಬಲ್ಲೆ. ಅದನ್ನಷ್ಟು ಮಾಡಿದವರಿಗೆ ಉತ್ತರ ತಾನಾಗಿ ಸಿಗುತ್ತದೆ.

ಎರಡು ದಿನದ ಲೆಕ್ಕ

ಮೊದಲ ಕೆಲಸ ಹಾಳೆಯ ಮೇಲೆ. ಆ್ಯಪ್ ಬೇಡ, ಎಕ್ಸೆಲ್ ಬೇಡ, ಕೈಯಲ್ಲೇ ಬರೆಯಿರಿ. ಬರೆದಾಗ ಆಗುವ ಮನವರಿಕೆ ಪರದೆ ನೋಡಿದಾಗ ಆಗುವುದಿಲ್ಲ, ನೂರಾರು ಜನರಿಗೆ ವಿವರಿಸಿದ ಮೇಲೆ ಹೇಳುತ್ತಿದ್ದೇನೆ.

ಸೂಚ್ಯಂಕ 100 ಎಂದು ಹಾಕಿ. ಮೊದಲ ದಿನ ಶೇ 10 ಬಿತ್ತು, 90 ಆಯಿತು. ಎರಡನೇ ದಿನ ಮತ್ತೆ 100ಕ್ಕೇ ಬಂತು. 90ರಿಂದ 100ಕ್ಕೆ ಬರಲು ಶೇ 11.11 ಏರಬೇಕು. ಸೂಚ್ಯಂಕದ ಮಟ್ಟಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಅದರ ಪಕ್ಕದಲ್ಲಿ ಮೂರುಪಟ್ಟು ಫಂಡ್ ಬರೆಯಿರಿ. 100 ಡಾಲರ್ ಹಾಕಿದ್ದೀರಿ. ಮೊದಲ ದಿನ ಶೇ 30 ಹೋಗಿ 70 ಉಳಿಯಿತು. ಎರಡನೇ ದಿನ ಶೇ 33.33 ಏರಿತು. 70ರ ಮೇಲೆ ಶೇ 33.33 ಎಂದರೆ 93.33. ಸೂಚ್ಯಂಕ ಹೊರಟಲ್ಲಿಗೇ ಬಂದು ನಿಂತಿದೆ, ನಿಮ್ಮ ಕೈಯಿಂದ ಮಾತ್ರ 6.67 ಡಾಲರ್ ಹೋಗಿದೆ.

ಇನ್ನೊಂದು ಪಕ್ಕದಲ್ಲಿ ಉಲ್ಟಾ ಮೂರುಪಟ್ಟಿನದು. ಮೊದಲ ದಿನ 130. ಎರಡನೇ ದಿನ ಶೇ 33.33 ಇಳಿದು 86.67. ಇಲ್ಲಿ ಹೋಗಿದ್ದು 13.33 ಡಾಲರ್.

ಈ ಲೆಕ್ಕವನ್ನು ಅಕ್ಕನ ಮಗನಿಗೆ ವಿಡಿಯೊ ಕಾಲ್‌ನಲ್ಲಿ ಹೇಳಿ ಬರೆಸುತ್ತಿದ್ದಾಗ ಅವನು ಪೆನ್ನು ಕೆಳಗಿಟ್ಟು ಕೇಳಿದ: "ಅಲ್ಲಾ ಚಿಕ್ಕಮ್ಮ, ಏರತ್ತೆ ಅಂದವನೂ ಕಳ್ಕೊಂಡ, ಇಳಿಯತ್ತೆ ಅಂದವನೂ ಕಳ್ಕೊಂಡ. ಹಾಗಾದ್ರೆ ದುಡ್ಡು ಎಲ್ಲಿ ಹೋಯ್ತು?" ಬಹಳ ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಾಗುವ ತನಕ ಈ ಫಂಡ್ ಮುಟ್ಟಬಾರದು ಅನ್ನುವುದು ನನ್ನ ಖಡಕ್ ಅಭಿಪ್ರಾಯ.

ಉತ್ತರ ಫಂಡಿನ ಒಳಗಿದೆ. ನಿಮ್ಮ 100 ಡಾಲರ್ ಇಟ್ಟುಕೊಂಡು ಫಂಡ್ ಬ್ಯಾಂಕುಗಳ ಜೊತೆ ಸ್ವಾಪ್ ಕರಾರು (ಸೂಚ್ಯಂಕದ ಏರಿಳಿತವನ್ನು ಕೊಟ್ಟು ತೆಗೆದುಕೊಳ್ಳುವ ಒಪ್ಪಂದ) ಮಾಡಿಕೊಂಡು, ಫ್ಯೂಚರ್ಸ್ (ಮುಂದಿನ ತಾರೀಕಿನ ಖರೀದಿ ಕರಾರು) ಕೊಂಡು, 300 ಡಾಲರ್ ಮೌಲ್ಯದ ಸೂಚ್ಯಂಕ ಹಿಡಿದಿರುತ್ತದೆ. ಶೇ 10 ಬಿದ್ದಾಗ ಆ 300 ಹೋಗಿ 270 ಆಯಿತು, ನಿಮ್ಮ ಬಂಡವಾಳ 70 ಆಯಿತು. ನಾಳೆಯೂ ಮೂರುಪಟ್ಟೇ ಇರಬೇಕಲ್ಲ, 70ರ ಮೂರುಪಟ್ಟು 210. ಆದ್ದರಿಂದ ಸಂಜೆ ಪೇಟೆ ಮುಚ್ಚುವ ಹೊತ್ತಿಗೆ ಫಂಡ್ 60 ಡಾಲರಿನಷ್ಟನ್ನು ಮಾರಲೇಬೇಕು, ಅದೂ ಬಿದ್ದ ಬೆಲೆಗೆ. ಮರುದಿನ ಪೇಟೆ ಶೇ 11.11 ಏರಿದಾಗ ಆ ಮಾರಿದ 60ರ ಮೇಲಿನ ಏರಿಕೆ ನಿಮಗೆ ಸಿಗಲಿಲ್ಲ. 60ರ ಶೇ 11.11 ಎಷ್ಟು? 6.67. ಕಾಣೆಯಾದ ದುಡ್ಡು ಪೈಸೆ ಬಿಡದೆ ಅಷ್ಟೇ.

ಉಲ್ಟಾ ಫಂಡಿನಲ್ಲಿಯೂ ಇದೇ ಕಥೆ. ಪೇಟೆ ಬಿದ್ದ ದಿನ ಅದರ ಬಂಡವಾಳ 130 ಆಯಿತು, ಇಳಿಯುತ್ತದೆಂದು ಮುಂಚಿತವಾಗಿ ಮಾರಿಟ್ಟ 300ರ ಸೂಚ್ಯಂಕದ ಮೌಲ್ಯ 270. ಮರುದಿನಕ್ಕೆ 390 ಬೇಕು, ಹಾಗಾಗಿ ಇನ್ನೂ 120 ಡಾಲರಿನಷ್ಟನ್ನು ಬಿದ್ದ ಬೆಲೆಗೇ ಮಾರುತ್ತದೆ. ಮರುದಿನ ಏರಿದಾಗ ಆ 120ರ ಮೇಲೆ ಶೇ 11.11 ನಷ್ಟ, ಅಂದರೆ 13.33. ಗಮನಿಸಿ, ಪೇಟೆ ಬಿದ್ದ ದಿನ ಎರಡೂ ಫಂಡ್‌ಗಳು ಮಾರುತ್ತವೆ, ಏರಿದ ದಿನ ಎರಡೂ ಕೊಳ್ಳುತ್ತವೆ. ಇದು ಯಾರದೋ ಮೋಸವಲ್ಲ, ಪ್ರತಿದಿನ ಅದೇ ಪಟ್ಟು ಕಾಯ್ದುಕೊಳ್ಳುವ ಫಂಡಿಗೆ ಬೇರೆ ದಾರಿಯೇ ಇಲ್ಲ. ಪೇಟೆ ಮೇಲೆ ಕೆಳಗೆ ತೂಗಾಡಿದಷ್ಟೂ ಸವಕಳಿ ಹೆಚ್ಚು.

ಈ ಸವಕಳಿಯ ಅಂದಾಜಿಗೆ ಒಂದು ಸೂತ್ರ ಇದೆ. ಪಟ್ಟಿನ ವರ್ಗದಿಂದ ಪಟ್ಟನ್ನು ಕಳೆದು ಎರಡರಿಂದ ಭಾಗಿಸಿ. 3ಕ್ಕೆ 3 ಬರುತ್ತದೆ, 2ಕ್ಕೆ 1, ಉಲ್ಟಾ ಒಂದಕ್ಕೆ (ಅಂದರೆ ಮೈನಸ್ 1) 1, ಉಲ್ಟಾ ಮೂರಕ್ಕೆ (ಮೈನಸ್ 3) 6. ಬಂದದ್ದನ್ನು ಪೇಟೆಯ ವಾರ್ಷಿಕ ಏರಿಳಿತದ (ವೊಲಾಟಿಲಿಟಿ, ದಿನದಿನದ ತೂಗಾಟದ ಅಳತೆ) ವರ್ಗದಿಂದ ಗುಣಿಸಿ. ಏರಿಳಿತ ಶೇ 20 ಇದ್ದರೆ ಅದರ ವರ್ಗ 0.04. ಮೂರುಪಟ್ಟಿಗೆ ವರ್ಷಕ್ಕೆ ಸುಮಾರು ಶೇ 12ರ ಸವಕಳಿ, ಉಲ್ಟಾ ಮೂರುಪಟ್ಟಿಗೆ ಸುಮಾರು ಶೇ 24. ಏರಿಳಿತ ಶೇ 30 ಆದರೆ ಮೂರುಪಟ್ಟಿನ ಸವಕಳಿ ಶೇ 27ಕ್ಕೆ ಹೋಗುತ್ತದೆ. ಇದು ಅಂದಾಜು ಅಷ್ಟೇ, ಆದರೆ ಇನ್ವರ್ಸ್ ಫಂಡ್ ಯಾಕೆ ಇಷ್ಟು ಬೇಗ ಕರಗುತ್ತದೆ ಅನ್ನುವುದು ಇದರಲ್ಲೇ ಕಾಣುತ್ತದೆ.

ಇನ್ನೊಂದು ಖರ್ಚು ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಈ ಫಂಡ್‌ಗಳ ನಿರ್ವಹಣಾ ಶುಲ್ಕ ವರ್ಷಕ್ಕೆ ಸುಮಾರು ಶೇ 1ರ ಆಸುಪಾಸು, ಅದನ್ನು ಎಲ್ಲರೂ ನೋಡುತ್ತಾರೆ. ಆದರೆ ನಿಮ್ಮ 100ರ ಮೇಲೆ ಹಿಡಿದಿರುವ ಇನ್ನೊಂದು 200 ಡಾಲರ್ ಪುಕ್ಕಟೆ ಬಂದದ್ದಲ್ಲ. ಅದರ ಬಡ್ಡಿ ಸ್ವಾಪ್ ಕರಾರಿನ ಬೆಲೆಯೊಳಗೇ ಸೇರಿರುತ್ತದೆ. 2023ರ ಜುಲೈಯಿಂದ 2024ರ ಸೆಪ್ಟೆಂಬರ್‌ವರೆಗೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್‌ನ ಬಡ್ಡಿದರ ಶೇ 5.25ರಿಂದ 5.50ರ ನಡುವೆ ಇತ್ತು. ಆಗ ಮೂರುಪಟ್ಟು ಫಂಡ್ ಹಿಡಿದವರು, ಶುಲ್ಕದ ಸಾಲಿನಲ್ಲಿ ಎಲ್ಲೂ ಕಾಣದ ಹಾಗೆ, ವರ್ಷಕ್ಕೆ ಶೇ 10ಕ್ಕೂ ಮಿಕ್ಕಿ ಬಡ್ಡಿ ಕಟ್ಟುತ್ತಿದ್ದರು. ಬಡ್ಡಿ ಸೊನ್ನೆಯ ಹತ್ತಿರ ಇದ್ದ ಕಾಲದ ಚಾರ್ಟ್ ತೋರಿಸಿ ಯಾರಾದರೂ ಆಸೆ ಹುಟ್ಟಿಸಿದರೆ ಇದನ್ನು ನೆನಪಿಸಿಕೊಳ್ಳಿ.

ನಡೆದ ಸಂಗತಿ

2021ರ ಕೊನೆಯಲ್ಲಿ ನ್ಯಾಸ್ಡ್ಯಾಕ್-100 ಸುಮಾರು 16,320 ಇತ್ತು. 2022ರಲ್ಲಿ ಮೂರನೇ ಒಂದು ಭಾಗದಷ್ಟು ಬಿತ್ತು. 2023ರಲ್ಲಿ ಜೋರಾಗಿ ಎದ್ದು ವರ್ಷದ ಕೊನೆಗೆ ಸುಮಾರು 16,826 ಆಯಿತು. ಎರಡು ವರ್ಷಕ್ಕೆ ಶೇ 3ರಷ್ಟು ಲಾಭ. ಅದೇ ಎರಡು ವರ್ಷ ಟಿಕ್ಯೂಕ್ಯೂಕ್ಯೂ ಹಿಡಿದವರ ಗತಿ? 2022ರಲ್ಲಿ ಶೇ 79ರಷ್ಟು ಹೋಯಿತು. 2023ರಲ್ಲಿ ಹತ್ತಿರಹತ್ತಿರ ಮೂರುಪಟ್ಟಾಯಿತು. ಆದರೂ ಲೆಕ್ಕ ಮುಗಿದಾಗ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಷ್ಟ. ಸೂಚ್ಯಂಕ ಏರಿದೆ, ಅದರ ಮೂರುಪಟ್ಟು ಫಂಡ್ ಇಳಿದಿದೆ. "2023ರಲ್ಲಿ ಶೇ 198 ಬಂತಂತೆ" ಎನ್ನುವವರು ಸುಳ್ಳು ಹೇಳುವುದಿಲ್ಲ, ಹಿಂದಿನ ವರ್ಷವನ್ನು ಬಿಟ್ಟು ಹೇಳುತ್ತಾರೆ.

ಇದು ಹೊಸ ವಿಷಯವೂ ಅಲ್ಲ. 2009ರ ಆಗಸ್ಟ್‌ನಲ್ಲೇ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿ ಮತ್ತು ಬ್ರೋಕರ್‌ಗಳ ನಿಯಂತ್ರಕ ಫಿನ್ರಾ ಸೇರಿ ಎಚ್ಚರಿಕೆ ಹೊರಡಿಸಿದ್ದವು. 2008ರ ಡಿಸೆಂಬರ್ 1ರಿಂದ 2009ರ ಏಪ್ರಿಲ್ 30ರ ನಡುವೆ ಒಂದು ಸೂಚ್ಯಂಕ ಶೇ 2 ಏರಿದ್ದಾಗ ಅದರ ಎರಡುಪಟ್ಟು ಫಂಡ್ ಶೇ 6 ಇಳಿದಿತ್ತು, ಉಲ್ಟಾ ಎರಡುಪಟ್ಟಿನದು ಶೇ 25 ಇಳಿದಿತ್ತು ಎಂಬ ಉದಾಹರಣೆ ಅದರಲ್ಲಿದೆ. ಅದೇ ವರ್ಷ ಜೂನ್‌ನಲ್ಲಿ ಫಿನ್ರಾ ತನ್ನ ಬ್ರೋಕರ್‌ಗಳಿಗೆ, ಒಂದು ದಿನದ ವಹಿವಾಟಿಗಿಂತ ಹೆಚ್ಚು ಕಾಲ ಹಿಡಿಯುವ ಸಾಮಾನ್ಯ ಹೂಡಿಕೆದಾರರಿಗೆ ಇವು ಸಾಧಾರಣವಾಗಿ ತಕ್ಕದ್ದಲ್ಲ ಎಂದು ಬರೆದಿತ್ತು.

ಹಾಗೆಂದು ಇನ್ನೊಂದು ಮುಖವನ್ನು ಮುಚ್ಚಿಡಲಾರೆ. ಪೇಟೆ ಒಂದೇ ದಿಕ್ಕಿಗೆ ನಡೆದರೆ ಇದೇ ಯಂತ್ರ ನಿಮ್ಮ ಪರ ದುಡಿಯುತ್ತದೆ. ಮೂರು ದಿನ ಸತತವಾಗಿ ಶೇ 5 ಏರಿದರೆ ಸೂಚ್ಯಂಕಕ್ಕೆ ಶೇ 15.8 ಸಿಗುತ್ತದೆ, ಅದರ ಮೂರುಪಟ್ಟು ಶೇ 47.3. ಫಂಡ್ ಕೊಡುವುದು ಶೇ 52.1. ಏರಿದ ದಿನ ಹೆಚ್ಚು ಕೊಂಡದ್ದು ಮರುದಿನವೂ ಏರಿತು, ಅದಕ್ಕೇ ಈ ಹೆಚ್ಚುವರಿ. ಹತ್ತು ವರ್ಷ ಟಿಕ್ಯೂಕ್ಯೂಕ್ಯೂ ಹಿಡಿದು ದೊಡ್ಡ ದುಡ್ಡು ಮಾಡಿದವರಿದ್ದಾರೆ, ಅವರ ಸ್ಟೇಟ್‌ಮೆಂಟ್ ಕಣ್ಣಾರೆ ನೋಡಿದ್ದೇನೆ. ಅದರ ಜೊತೆಗೆ ಶೇ 79ರ ಕುಸಿತದ ನಡುವೆ ಹೆದರಿ ಮಾರಲು ಕರೆ ಮಾಡಿದವರ ದನಿಯೂ ಕಿವಿಯಲ್ಲಿದೆ. ಆ ಕರೆಗಳೇ ಹೆಚ್ಚು.

ಬಾಗಿಲು ಎಲ್ಲಿ ತೆರೆದಿದೆ, ಎಲ್ಲಿ ಇಲ್ಲ

ಅಮೆರಿಕದಲ್ಲಿ ಲೆವರೇಜ್ಡ್ ಫಂಡ್ 1993ರಿಂದಲೇ ಇದೆ, ರೈಡೆಕ್ಸ್ ಕಂಪನಿಯ ನೋವಾ ಫಂಡ್‌ನಿಂದ. 2006ರಲ್ಲಿ ಪ್ರೋಶೇರ್ಸ್ ಕಂಪನಿ ಇವನ್ನು ಇಟಿಎಫ್ ರೂಪದಲ್ಲಿ, ಅಂದರೆ ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರಬಹುದಾದ ಫಂಡ್ ಆಗಿ, ತಂದಿತು, 2008ರ ನವೆಂಬರ್‌ನಲ್ಲಿ ಡೈರೆಕ್ಷನ್ ಎಂಬ ಕಂಪನಿ ಮೂರುಪಟ್ಟಿನವನ್ನು ತಂದಿತು. 2022ರ ಜುಲೈಯಿಂದ ಒಂದೇ ಕಂಪನಿಯ ಷೇರಿನ ಮೇಲಿನ ಫಂಡ್‌ಗಳೂ ಬಂದಿವೆ: ಟೆಸ್ಲಾ, ಎನ್ವಿಡಿಯಾ ಹೀಗೆ.

2019ರ ನವೆಂಬರ್‌ನಲ್ಲಿ ಎಸ್‌ಇಸಿ ಒಂದು ಪ್ರಸ್ತಾಪ ಇಟ್ಟಿತು: ಸಾಮಾನ್ಯ ಗ್ರಾಹಕನಿಗೆ ಈ ಫಂಡ್ ಅರ್ಥವಾಗುತ್ತದೆಯೇ ಎಂದು ಬ್ರೋಕರ್ ವಿಚಾರಿಸಿ, ಖಾತೆಗೆ ಒಪ್ಪಿಗೆ ಕೊಟ್ಟ ಮೇಲೆಯೇ ಆರ್ಡರ್ ತೆಗೆದುಕೊಳ್ಳಬೇಕು. ಸಾವಿರಾರು ಸಾಮಾನ್ಯ ಹೂಡಿಕೆದಾರರು ವಿರೋಧಿಸಿ ಪತ್ರ ಬರೆದರು. 2020ರ ಅಕ್ಟೋಬರ್ 28ರಂದು ಅಂತಿಮ ನಿಯಮ ಬಂದಾಗ ಆ ಭಾಗ ಅದರಲ್ಲಿರಲಿಲ್ಲ. ಬದಲಿಗೆ ಹೊಸ ಫಂಡ್‌ಗಳಿಗೆ ಎರಡುಪಟ್ಟಿನ ಮಿತಿ ಹಾಕಿದರು, ಆಗಲೇ ಇದ್ದ ಮೂರುಪಟ್ಟಿನವನ್ನು ಮುಂದುವರಿಯಲು ಬಿಟ್ಟರು. 2022ರ ಮಾರ್ಚ್‌ನಲ್ಲಿ ಫಿನ್ರಾ ಇದೇ ವಿಷಯಕ್ಕೆ ಮತ್ತೆ ಅಭಿಪ್ರಾಯ ಕೇಳಿದಾಗಲೂ ಪತ್ರಗಳ ರಾಶಿ ಬಿತ್ತು.

ನಾನು ಬಾಗಿಲು ಮುಚ್ಚಬೇಕೆನ್ನುವ ಪಕ್ಷದವಳಲ್ಲ. ಮುಚ್ಚಿದರೆ ಜನ ಆಪ್ಷನ್ ಕಡೆಗೋ ಸಾಲದ ಕಡೆಗೋ ಹೋಗುತ್ತಾರೆ, ಅಲ್ಲಿ ಹಾಕಿದ್ದಕ್ಕಿಂತ ಹೆಚ್ಚು ಹೋಗಬಹುದು. ಇಷ್ಟು ಆಸ್ತಿ ಇದ್ದವರಿಗೆ ಮಾತ್ರ ಎನ್ನುವ ನಿಯಮವೂ ನನಗೆ ಒಪ್ಪಿಗೆಯಿಲ್ಲ. ಮೇಲಿನ ಎರಡು ದಿನದ ಲೆಕ್ಕ ಮಾಡಲು ಬಾರದ ಶ್ರೀಮಂತರ ಜೊತೆ ಮಾತಾಡಿದ್ದೇನೆ, ಅದನ್ನು ಬಾಯಲ್ಲೇ ಮಾಡಿದ ಶಾಲಾ ಬಸ್ ಡ್ರೈವರ್ ಜೊತೆಗೂ ಮಾತಾಡಿದ್ದೇನೆ. ದಕ್ಷಿಣ ಕೊರಿಯಾ 2020ರಲ್ಲಿ, ಲೆವರೇಜ್ಡ್ ಇಟಿಎಫ್ ಕೊಳ್ಳುವವರು ಮೊದಲು ಆನ್‌ಲೈನ್ ತರಗತಿ ಮುಗಿಸಬೇಕು, ಖಾತೆಯಲ್ಲಿ ಒಂದು ಕೋಟಿ ವನ್ ಠೇವಣಿ ಇರಬೇಕು ಎಂದಿತು. ತರಗತಿ ಸರಿ. ಠೇವಣಿಯಿಂದ ತಿಳಿವಳಿಕೆ ಬರುವುದಿಲ್ಲ.

ಸದ್ಯ ಅಮೆರಿಕದಲ್ಲಿ ಬ್ರೋಕರ್‌ಗೆ ಒಂದೊಂದು ರೀತಿ. ವ್ಯಾನ್‌ಗಾರ್ಡ್ 2019ರ ಜನವರಿಯಿಂದ ಇವುಗಳ ಖರೀದಿಯನ್ನೇ ನಿಲ್ಲಿಸಿದೆ. ಕೆಲವು ಕಂಪನಿಗಳು ಹೂಡಿಕೆಯ ಉದ್ದೇಶ ಅತಿ ಸಾಹಸದ್ದು ಎಂದು ಗುರುತು ಮಾಡಿಸಿ, ಪ್ರತ್ಯೇಕ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ. ಆ ಒಪ್ಪಂದ ಓದಿ, ಕೆಳಗೆ ಸರಿಸಿ ಸಹಿ ಹಾಕಬೇಡಿ. ಇನ್ನು ಕೆಲವರು ಏನೂ ಕೇಳುವುದಿಲ್ಲ. ಕಂಪನಿಯ 401ಕೆ ನಿವೃತ್ತಿ ಯೋಜನೆಯ ಪಟ್ಟಿಯಲ್ಲಿ ಸಾಮಾನ್ಯವಾಗಿ ಇವು ಇರುವುದಿಲ್ಲ, ಐಆರ್‌ಎ ಎಂಬ ಸ್ವಂತ ನಿವೃತ್ತಿ ಖಾತೆಯಲ್ಲಿ ಕೊಳ್ಳಬಹುದು. ಮಾರ್ಜಿನ್ ಖಾತೆಯಲ್ಲಿ ಸಾಲ ಮಾಡಿ ಮೂರುಪಟ್ಟು ಫಂಡ್ ಕೊಳ್ಳಲು ಹೊರಟರೆ ಸಾಮಾನ್ಯ ಷೇರಿನ ಶೇ 25ರ ಬದಲು ಶೇ 75 ನಿಮ್ಮದೇ ದುಡ್ಡು ಉಳಿದಿರಬೇಕು. ಸಾಲದ ಮೇಲೆ ಸಾಲ ಇದು. ಮಾಡಬೇಡಿ.

ಆರ್ಡರ್ ಹಾಕುವ ಮುಂಚೆ

ಮೊದಲು ಇಟಿಎಫ್ ಹೌದೋ, ಇಟಿಎನ್ನೋ ನೋಡಿ. ಒಂದು ಅಕ್ಷರದ ವ್ಯತ್ಯಾಸ, ಆದರೆ ಇಟಿಎನ್ ಎಂದರೆ ಬ್ಯಾಂಕ್ ಒಂದು ನಿಮಗೆ ಬರೆದುಕೊಟ್ಟ ಸಾಲಪತ್ರ. ಅದರ ಹಿಂದೆ ನಿಮ್ಮ ಹೆಸರಿನ ಆಸ್ತಿ ಯಾವುದೂ ಇಲ್ಲ, ಬ್ಯಾಂಕ್ ಮಾತು ಉಳಿಸಿಕೊಳ್ಳಬೇಕು ಅಷ್ಟೇ. ಮೈಕ್ರೋಸೆಕ್ಟರ್ಸ್ ಹೆಸರಿನ ಮೂರುಪಟ್ಟು ನೋಟುಗಳು ಈ ಜಾತಿಯವು, ಕೊಡುವುದು ಬ್ಯಾಂಕ್ ಆಫ್ ಮಾಂಟ್ರಿಯಲ್. ಯಾವ ಸಂದರ್ಭದಲ್ಲಿ ಬ್ಯಾಂಕ್ ತಾನಾಗಿ ಇದನ್ನು ಮುಗಿಸಿಬಿಡಬಹುದು ಎನ್ನುವ ಭಾಗ ಅದರ ವಿವರಪತ್ರ ಪ್ರಾಸ್ಪೆಕ್ಟಸ್‌ನಲ್ಲಿ ಇರುತ್ತದೆ. ಬೇರೇನೂ ಓದದಿದ್ದರೂ ಅದನ್ನು ಓದಿ. 2018ರ ಫೆಬ್ರುವರಿ 5ರಂದು ಎಕ್ಸ್‌ಐವಿ ಎಂಬ ನೋಟಿನ ವಿಷಯದಲ್ಲಿ ಆಗಿದ್ದು ಅದೇ. ಪೇಟೆಯ ಭಯ ಅಳೆಯುವ ವಿಕ್ಸ್ ಸೂಚ್ಯಂಕದ ಫ್ಯೂಚರ್ಸ್‌ಗೆ ಉಲ್ಟಾ ನಡೆಯುವ ನೋಟು ಅದು, ಕೊಟ್ಟದ್ದು ಕ್ರೆಡಿಟ್ ಸ್ವಿಸ್. ಅಂದು ವಿಕ್ಸ್ 17ರಿಂದ 37ಕ್ಕೆ ಹಾರಿತು. ಪೇಟೆ ಮುಚ್ಚಿದಾಗ ಸುಮಾರು 99 ಡಾಲರ್ ಇದ್ದ ನೋಟು ಮರುದಿನ ಒಂದಂಕಿಗೆ ಇಳಿದಿತ್ತು, ಅದೇ ತಿಂಗಳಲ್ಲಿ ಅದನ್ನು ಮುಗಿಸಿದರು. ಮಲಗಿ ಏಳುವುದರೊಳಗೆ ದುಡ್ಡು ಹೋಗಿತ್ತು. ಇಷ್ಟಕ್ಕೆ ಇಳಿದರೆ ತಾನಾಗಿ ಮಾರು ಎನ್ನುವ ಯಾವ ಸ್ಟಾಪ್ ಲಾಸ್ ಆರ್ಡರ್ ಕೂಡ ಅಂಥ ರಾತ್ರಿ ಕಾಪಾಡುವುದಿಲ್ಲ.

ಇಟಿಎಫ್ ಆದರೂ ಪಟ್ಟು ಶಾಶ್ವತವಲ್ಲ. 2020ರ ಮಾರ್ಚ್ ಕೊನೆಯಲ್ಲಿ ಡೈರೆಕ್ಷನ್ ತನ್ನ ಚಿನ್ನದ ಗಣಿ, ತೈಲ ಕಂಪನಿಗಳ ಮೂರುಪಟ್ಟು ಫಂಡ್‌ಗಳನ್ನು ಎರಡುಪಟ್ಟಿಗೆ ಇಳಿಸಿತು. ಮೂರುಪಟ್ಟಿನಲ್ಲಿ ಬಿದ್ದವರು ಎರಡುಪಟ್ಟಿನಲ್ಲಿ ಏಳಬೇಕಾಯಿತು.

ಆಮೇಲೆ ಅದೇ ಹಾಳೆಯಲ್ಲಿ ಮೂರು ಸಾಲು ಬರೆಯಿರಿ: ಯಾಕೆ ಕೊಳ್ಳುತ್ತಿದ್ದೇನೆ, ಯಾವ ತಾರೀಕಿಗೆ ಮಾರುತ್ತೇನೆ, ಎಷ್ಟಕ್ಕೆ ಇಳಿದರೆ ಆ ತಾರೀಕಿಗೂ ಕಾಯದೆ ಮಾರುತ್ತೇನೆ. "ಏರತ್ತೆ ಅಂತ ಅನ್ಸತ್ತೆ" ಅನ್ನುವುದು ಕಾರಣವಲ್ಲ. "ಮುಂದಿನ ಬುಧವಾರ ಫೆಡ್ ಸಭೆ, ಅದರವರೆಗೆ ನನ್ನ ಪೋರ್ಟ್‌ಫೋಲಿಯೊದ ಸ್ವಲ್ಪ ಭಾಗಕ್ಕೆ ರಕ್ಷಣೆ ಬೇಕು" ಅನ್ನುವುದು ಕಾರಣ. ಮೊತ್ತ ಎಷ್ಟಿರಬೇಕು? ಅದರ ಐದರಲ್ಲಿ ನಾಲ್ಕು ಪಾಲು ಹೋದರೂ ಬಾಡಿಗೆ, ಮನೆ ಕಂತು, ಮಕ್ಕಳ ಫೀಸು, ಊರಿಗೆ ಕಳಿಸುವ ದುಡ್ಡು ಯಾವುದಕ್ಕೂ ತೊಂದರೆಯಾಗದಷ್ಟು. ಐದರಲ್ಲಿ ನಾಲ್ಕು ಅನ್ನುವುದು ಹೆದರಿಸಲು ಹೇಳಿದ್ದಲ್ಲ, 2022ರಲ್ಲಿ ನಡೆದದ್ದು.

ಆರ್ಡರ್ ಯಾವಾಗಲೂ ಲಿಮಿಟ್ ಆರ್ಡರ್ ಆಗಿರಲಿ, ಅಂದರೆ ಬೆಲೆಯ ಮಿತಿಯನ್ನು ನೀವೇ ಹೇಳಿದ ಆರ್ಡರ್. ಪೇಟೆ ತೆರೆದ ಮೊದಲ ಕಾಲು ಗಂಟೆ ಬಿಡಿ. ಪೇಟೆ ತೆರೆಯುವ ಮುಂಚಿನ ವಹಿವಾಟಿನಲ್ಲಿ ಕೊಳ್ಳುವ, ಮಾರುವ ಬೆಲೆಗಳ ಅಂತರ ಜಾಸ್ತಿ, ಅತ್ತ ಹೋಗಬೇಡಿ. ವರ್ಷದೊಳಗೆ ಮಾರಿದ ಲಾಭಕ್ಕೆ ಅಮೆರಿಕದಲ್ಲಿ ಸಂಬಳದ ದರದಲ್ಲೇ ತೆರಿಗೆ. ನಷ್ಟದಲ್ಲಿ ಮಾರಿ 30 ದಿನದೊಳಗೆ ಅದನ್ನೇ ಮತ್ತೆ ಕೊಂಡರೆ ಆ ನಷ್ಟವನ್ನು ಆಗಲೇ ತೋರಿಸುವಂತಿಲ್ಲ.

ಇನ್ವರ್ಸ್ ಫಂಡನ್ನು ರಕ್ಷಣೆಗೆ ಅಂತ ಕೊಳ್ಳುವವರು ಇದನ್ನು ನಿಧಾನವಾಗಿ ಓದಿ. ನಿಮ್ಮಲ್ಲಿ 20,000 ಡಾಲರಿನ ಸೂಚ್ಯಂಕ ಫಂಡ್ ಇದೆ. ಬೀಳಬಹುದೆಂದು 10,000 ಡಾಲರ್ ಕೊಟ್ಟು ಉಲ್ಟಾ ಎರಡುಪಟ್ಟಿನದು ಕೊಂಡಿರಿ. ಎರಡೂ ಸರಿಸಮ. ಮರುದಿನ ಪೇಟೆ ಶೇ 10 ಏರಿತು ಎನ್ನಿ. ನಿಮ್ಮ ಸೂಚ್ಯಂಕ ಫಂಡ್ 22,000 ಆಯಿತು, ರಕ್ಷಣೆಯ ಫಂಡ್ 8,000ಕ್ಕೆ ಇಳಿಯಿತು. ಅದೀಗ ಕಾಯುವುದು 16,000ವನ್ನು ಮಾತ್ರ. ಕಾಯಬೇಕಾದದ್ದು ಬೆಳೆದಿದೆ, ಕಾಯುವುದು ಕುಗ್ಗಿದೆ. ಆಗಾಗ ಸರಿಪಡಿಸದಿದ್ದರೆ ಆಮೇಲೆ ಪೇಟೆ ಬಿದ್ದಾಗ "ರಕ್ಷಣೆ ಇತ್ತಲ್ಲ, ಯಾಕೆ ಕೆಲಸ ಮಾಡಲಿಲ್ಲ" ಎಂದು ಕೇಳಬೇಕಾಗುತ್ತದೆ. ವಾರಗಟ್ಟಲೆ ಇಟ್ಟರೆ ಸವಕಳಿ ಬೇರೆ. ಎಸ್‌ಕ್ಯೂಕ್ಯೂಕ್ಯೂ ಬಂದಂದಿನಿಂದ ತನ್ನ ಬೆಲೆಯ ಶೇ 99ಕ್ಕಿಂತ ಹೆಚ್ಚು ಕಳೆದುಕೊಂಡಿದೆ. ಹಾಗಾಗಿಯೇ ಹಲವು ಷೇರುಗಳನ್ನು ಸೇರಿಸಿ ಒಂದು ಮಾಡುವ ರಿವರ್ಸ್ ಸ್ಪ್ಲಿಟ್ ಪದೇ ಪದೇ ಆಗಿದೆ. ಇವತ್ತಿನ ಬೆಲೆ ನೋಡಿ "ಇಷ್ಟೇ ತಾನೇ" ಅಥವಾ "ಇಷ್ಟೊಂದಾ" ಎಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಸ್ಯಾನ್‌ಹೋಸೆಯ ಹುಡುಗರಿಗೆ ಒಂದು ಮಾತು. ನಿಮ್ಮ ಕಂಪನಿ ಕೊಟ್ಟ ಷೇರು ಬೀಳುತ್ತದೆಂದು ಅದೇ ಕಂಪನಿಯ ಉಲ್ಟಾ ಫಂಡ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಕಂಪನಿಯ ಇನ್‌ಸೈಡರ್ ಟ್ರೇಡಿಂಗ್ ನೀತಿ ಓದಿ. ಸ್ವಂತ ಕಂಪನಿಯ ಷೇರಿನ ವಿರುದ್ಧ ನಿಲ್ಲುವುದನ್ನು ಬಹಳ ಕಂಪನಿಗಳು ನಿಷೇಧಿಸಿವೆ. ಇದನ್ನು ನನ್ನಿಂದ ಕೇಳಿದ ಒಬ್ಬ, "ಅಕ್ಕಾ, ಹಾಗಾದ್ರೆ ಏನ್ ಮಾಡ್ಲಿ?" ಎಂದ. ನಿನ್ನ ಹೆಸರಿಗೆ ಬಂದ ಷೇರಿನಲ್ಲಿ ಅರ್ಧ ಮಾರು ಎಂದೆ. ರಕ್ಷಣೆಗೆ ಅದಕ್ಕಿಂತ ಸುಲಭದ, ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಬೆಂಗಳೂರಿನಿಂದ ಕೊಳ್ಳುವವರಿಗೆ

ಭಾರತದಲ್ಲಿ ಇಂಥ ಫಂಡ್ ಇಲ್ಲ. ಎನ್‌ಎಸ್‌ಇ ಬಳಿ ನಿಫ್ಟಿ-50ರ ಎರಡುಪಟ್ಟು ಸೂಚ್ಯಂಕವೂ, ಉಲ್ಟಾ ಸೂಚ್ಯಂಕವೂ ಕಾಗದದ ಮೇಲೆ ಇವೆ, ಆದರೆ ಅವುಗಳ ಮೇಲೆ ಮ್ಯೂಚುವಲ್ ಫಂಡ್ ಕಟ್ಟುವಂತಿಲ್ಲ, ಏಕೆಂದರೆ ಷೇರು, ಸಾಲಪತ್ರ, ಡಿರೈವೇಟಿವ್ (ಫ್ಯೂಚರ್ಸ್, ಆಪ್ಷನ್ ಥರದ ಕರಾರು) ಎಲ್ಲ ಸೇರಿ ಫಂಡಿನ ಆಸ್ತಿಯ ಶೇ 100 ಮೀರಬಾರದು ಎನ್ನುವುದು ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮ. 2025ರ ಏಪ್ರಿಲ್‌ನಿಂದ ಬಂದಿರುವ ಎಸ್‌ಐಎಫ್ ಎಂಬ ಹೊಸ ವರ್ಗದಲ್ಲಿ ಶೇ 25ರವರೆಗೆ ಉಲ್ಟಾ ಪಾಲು ಹಿಡಿಯಬಹುದು, ಅದಕ್ಕೆ ಕನಿಷ್ಠ 10 ಲಕ್ಷ ರೂಪಾಯಿ ಬೇಕು. ಉಳಿದ ಜನ ಎಫ್ ಆ್ಯಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್) ಕಡೆ ಹೋಗುತ್ತಾರೆ. 2021–22ರಿಂದ 2023–24ರ ಮೂರು ವರ್ಷದಲ್ಲಿ ಅಲ್ಲಿ ಇಳಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು ಎಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಇದನ್ನು ಓದಿದಾಗ ಹೊಟ್ಟೆ ಉರಿಯುತ್ತದೆ.

ಅಮೆರಿಕದ ಫಂಡ್ ಕೊಳ್ಳಲು ಆರ್‌ಬಿಐನ ಎಲ್‌ಆರ್‌ಎಸ್ (ಹೊರದೇಶಕ್ಕೆ ದುಡ್ಡು ಕಳಿಸುವ ಯೋಜನೆ) ಮೂಲಕ ಒಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ಹೂಡಿಕೆಗೆ ಕಳಿಸುವ ದುಡ್ಡು 10 ಲಕ್ಷ ರೂಪಾಯಿ ದಾಟಿದರೆ ದಾಟಿದ್ದಕ್ಕೆ ಶೇ 20 ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತಾರೆ, ಅದನ್ನು ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಎಲ್‌ಆರ್‌ಎಸ್ ದುಡ್ಡು ಹೊರದೇಶದಲ್ಲಿ ಮಾರ್ಜಿನ್ (ಕರಾರಿನ ಮೇಲೆ ಇಡುವ ಠೇವಣಿ) ಕಟ್ಟಲು ಹೋಗುವಂತಿಲ್ಲ. ಲೆವರೇಜ್ಡ್ ಇಟಿಎಫ್‌ಗೆ ನೀವು ಮಾರ್ಜಿನ್ ಕಟ್ಟುವುದಿಲ್ಲ, ಆದರೂ ಕೊಳ್ಳುವ ಮುಂಚೆ ನಿಮ್ಮ ಬ್ಯಾಂಕ್ ಮತ್ತು ಬ್ರೋಕರ್ ಇಬ್ಬರಿಂದಲೂ ಇಮೇಲ್‌ನಲ್ಲಿ ಒಪ್ಪಿಗೆ ಪಡೆದು ಇಟ್ಟುಕೊಳ್ಳಿ. ಫೋನಿನಲ್ಲಿ "ಆಗತ್ತೆ ಸಾರ್" ಎಂದದ್ದು ಸಾಕ್ಷಿಯಾಗುವುದಿಲ್ಲ. 24 ತಿಂಗಳೊಳಗೆ ಮಾರಿದ ಲಾಭ ನಿಮ್ಮ ಸ್ಲ್ಯಾಬ್ ದರಕ್ಕೆ ಬರುತ್ತದೆ. ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಲೇಬೇಕು, ಕೊಂಡು ವಾರದಲ್ಲೇ ಮಾರಿದ್ದರೂ ಸರಿ. ಅಮೆರಿಕದ ಆಸ್ತಿ 60,000 ಡಾಲರ್ ಮೀರಿದ್ದು ಖಾತೆದಾರ ತೀರಿಹೋದರೆ ಅಲ್ಲಿನ ಎಸ್ಟೇಟ್ ತೆರಿಗೆ ಬೀಳಬಹುದು, ಮನೆಯವರಿಗೆ ಇದನ್ನು ಹೇಳಿಡಿ.

ಅಕ್ಕನ ಮಗನಿಗೆ ನಾನು ಹೆಚ್ಚು ಒತ್ತಿ ಹೇಳಿದ್ದು ಗಡಿಯಾರದ ವಿಷಯ. ಅಮೆರಿಕದ ಪೇಟೆ ಬೇಸಿಗೆಯಲ್ಲಿ ನಿಮ್ಮ ಸಂಜೆ 7ಕ್ಕೆ ತೆರೆದು ರಾತ್ರಿ 1.30ಕ್ಕೆ ಮುಚ್ಚುತ್ತದೆ, ಚಳಿಗಾಲದಲ್ಲಿ 8ಕ್ಕೆ ತೆರೆದು 2.30ಕ್ಕೆ. ದಿನದ ಲೆಕ್ಕ ಮುಗಿಯುವ, ಫಂಡ್ ತನ್ನ ಪಟ್ಟು ಸರಿಮಾಡಿಕೊಳ್ಳುವ ಕೊನೆಯ ಅರ್ಧ ಗಂಟೆಯಲ್ಲಿ ಬೆಂಗಳೂರು ಮಲಗಿರುತ್ತದೆ. ದಿನಕ್ಕೊಮ್ಮೆ ನೋಡಲೇಬೇಕಾದ ಫಂಡನ್ನು ನೋಡಲಾಗದ ಹೊತ್ತಿನಲ್ಲಿ ಹಿಡಿದಿರುತ್ತೀರಿ. ಆದ್ದರಿಂದ ಹಾಳೆಯಲ್ಲಿ ಬರೆದ ತಾರೀಕು ಬಂದ ದಿನ ಮಾರುವ ಆರ್ಡರನ್ನು ಊಟ ಮುಗಿಸಿ, ರಾತ್ರಿ 9ರಿಂದ 10ರ ನಡುವೆ, ಪೇಟೆ ನಡೆಯುತ್ತಿರುವಾಗಲೇ ಹಾಕಿ. ಆರ್ಡರ್ ಪೂರ್ತಿಯಾಗಿದೆ ಎಂಬ ಸಂದೇಶ ಬಂದ ಮೇಲೆ ಫೋನ್ ಕೆಳಗಿಡಿ. ಬರದಿದ್ದರೆ ಲಿಮಿಟ್ ಬೆಲೆಯನ್ನು ಒಂದೆರಡು ಸೆಂಟ್ ಇಳಿಸಿ ಮತ್ತೆ ಹಾಕಿ. ನಾಳೆ ನೋಡೋಣ ಎಂದು ತಾರೀಕನ್ನು ಮುಂದೂಡಬೇಡಿ.